ಆರನೆಯ ಕಾಲಂ

ಮಂಗಳವಾರ ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಕಂಪ್ಯೂಟರ್ ಪರದೆಯ ಮೇಲಿದ್ದ ಪಟ್ಟಿಯಲ್ಲಿ ಐದು ಕಾಲಂ ಇದ್ದವು. ಅದನ್ನೇ ಪಿಡಿಎಫ್ ಮಾಡಿ ಇಳಿಸಿಕೊಂಡಾಗ ಆರು ಇದ್ದವು.

ಬಂಗಾರಪೇಟೆ ಬಸ್ ನಿಲ್ದಾಣದ ಎದುರಿನ ತನ್ನ ಜೆರಾಕ್ಸ್ ಅಂಗಡಿಯಲ್ಲಿ ಅರುಣಕುಮಾರಿ ಎರಡನ್ನೂ ಅಕ್ಕಪಕ್ಕ ಇಟ್ಟು ಮತ್ತೊಮ್ಮೆ ಎಣಿಸಿದಳು. ಕ್ರಮಸಂಖ್ಯೆ, ತಾರೀಖು, ದೂರಿನ ವಿಷಯ, ಕೈಗೊಂಡ ಕ್ರಮ, ದೂರುದಾರರ ಹೆಸರು. ಹೆಸರಿನ ಕಾಲಂನಲ್ಲಿ ಏಳು ಸಾಲಿಗೂ 'ಗೌಪ್ಯ' ಎಂದೇ ಇತ್ತು, ಎರಡು ಕಡೆಯೂ. ಪಿಡಿಎಫ್‌ನಲ್ಲಿ ಮಾತ್ರ ಅದರ ಬಲಕ್ಕೆ, ಪುಟದ ಅಂಚಿಗೆ ಒತ್ತಿಕೊಂಡು, ಸಣ್ಣ ಅಕ್ಷರದಲ್ಲಿ ಇನ್ನೊಂದು ಕಾಲಂ ಇತ್ತು. ಅದಕ್ಕೆ ತಲೆಬರಹವಿರಲಿಲ್ಲ, ಬರೀ ಸಂಖ್ಯೆಗಳು. ನಾಲ್ಕನೆಯ ಸಾಲಿನ ಎದುರು 147.

ನೂರಾ ನಲವತ್ತೇಳು ಅಂದರೆ ಅಶ್ವತ್ಥಮ್ಮ. ಅದನ್ನು ತಿಳಿಯಲು ಅರುಣಕುಮಾರಿ ಯಾವ ಪುಸ್ತಕವನ್ನೂ ತೆಗೆಯಬೇಕಾಗಿರಲಿಲ್ಲ. ಅವಳ ಊರು ಕಾಡುಗುಟ್ಟಹಳ್ಳಿ, ಬೂದಿಕೋಟೆಯಿಂದ ಮೂರು ಕಿಲೋಮೀಟರ್. ಅಲ್ಲಿ ಹಾಲು ಹಾಕುವ ಪ್ರತಿ ಮನೆಗೂ ಒಂದು ಡೈರಿ ನಂಬರು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಆ ನಂಬರನ್ನು ಕೂಗುತ್ತಾರೆ, ಕ್ಯಾನಿನ ಮೇಲೆ ಬಣ್ಣದಲ್ಲಿ ಬರೆದಿರುತ್ತಾರೆ. ಊರಲ್ಲಿ ಅಶ್ವತ್ಥಮ್ಮಂದಿರು ಮೂವರಿದ್ದಾರೆ, ಮುನಿಯಪ್ಪಂದಿರು ಐವರು. ನೂರಾ ನಲವತ್ತೇಳು ಮಾತ್ರ ಒಂದೇ. ಗ್ಯಾಸ್ ಸಿಲಿಂಡರ್ ತಂದ ಆಟೋದವನಿಗೂ ಮನೆ ತೋರಿಸುವುದು ಡೈರಿ ನಂಬರ್ ಹೇಳಿಯೇ.

ಪಟ್ಟಿ ಬೇಕಾಗಿದ್ದು ಊರಿನ ಹಾಲು ಕೇಂದ್ರದ ಕಾರ್ಯದರ್ಶಿ ನಾಗೇಶನಿಗೆ. ಕೇಂದ್ರವು ಹೊನ್ನಗುಟ್ಟ ಹಾಲು ಉತ್ಪಾದಕರ ಕಂಪನಿಗೆ ಸೇರಿದ್ದು. ಕಂಪನಿಯ ಜಾಲತಾಣದಲ್ಲಿ ಯಾರು ಬೇಕಾದರೂ ದೂರು ಕೊಡಬಹುದು, ಹೆಸರು ಬೇಡವೆಂದರೆ ಬಚ್ಚಿಡುತ್ತಾರೆ. ಮೂರು ತಿಂಗಳಿಗೊಮ್ಮೆ ದೂರುಗಳ ಪಟ್ಟಿಯನ್ನು ಊರ ಸಭೆಯಲ್ಲಿ ಓದಿ, ಗೋಡೆಗೆ ಅಂಟಿಸಬೇಕು. ಸಭೆ ಅದೇ ದಿನ ಸಂಜೆ ಐದಕ್ಕೆ. ನಾಗೇಶನಿಗೆ ಕಂಪ್ಯೂಟರ್ ಬಾರದು. ಡೈರಿಯ ಪಾಸ್‌ವರ್ಡನ್ನು ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಂಡು, ಪ್ರತಿ ಸಲವೂ ಅರುಣಕುಮಾರಿಯ ಅಂಗಡಿಗೇ ಬರುತ್ತಿದ್ದ. ಈಗ ಅವನು ಹೊರಗೆ ಟೀ ಲೋಟ ಹಿಡಿದುಕೊಂಡು ಫೋನಿನಲ್ಲಿ ಮಾತಾಡುತ್ತಿದ್ದ.

ನಾಲ್ಕನೆಯ ದೂರು ಅವನ ಮೇಲೂ ಇತ್ತು. 'ಅಧ್ಯಕ್ಷರ ಮನೆಯ ಹಾಲನ್ನು ಪರೀಕ್ಷೆ ಮಾಡದೆ ಸುರಿದುಕೊಂಡು, ಯಂತ್ರಕ್ಕೆ ಕೈಯಿಂದ ಅಂಕಿ ಒತ್ತುತ್ತಾರೆ.' ಈ ಸಾಲನ್ನು ಟೈಪು ಮಾಡಿದವಳು ಅರುಣಕುಮಾರಿಯೇ. ಒಂದೂವರೆ ತಿಂಗಳ ಹಿಂದೆ ಅಶ್ವತ್ಥಮ್ಮ ಇದೇ ಅಂಗಡಿಯ ಸ್ಟೂಲಿನ ಮೇಲೆ ಕೂತು ಹೇಳಿಸಿದ್ದಳು. ಮುಂಜಾನೆ ಸಾಲಿನಲ್ಲಿ ಅಧ್ಯಕ್ಷರ ಸೊಸೆಯ ಹಿಂದೆಯೇ ನಿಲ್ಲುವವಳು ಅವಳು. ಕಣ್ಣಾರೆ ಕಂಡದ್ದನ್ನಷ್ಟೇ ಹೇಳಿದ್ದಳು. ಹೇಳಿ ಮುಗಿಸಿ, ಕಳಿಸುವ ಮೊದಲು ಒಂದೇ ಪ್ರಶ್ನೆ ಕೇಳಿದ್ದಳು: ತನ್ನ ಹೆಸರು ಎಲ್ಲಾದರೂ ಬರುತ್ತದೆಯೇ ಎಂದು. ಎಲ್ಲೂ ಬರುವುದಿಲ್ಲ ಎಂದು ಅರುಣಕುಮಾರಿ ಮಾತು ಕೊಟ್ಟಿದ್ದಳು.

ಆ ಪ್ರಶ್ನೆಗೆ ಕಾರಣವಿತ್ತು. ಅಶ್ವತ್ಥಮ್ಮನ ಮುಕ್ಕಾಲು ಎಕರೆ ಹೊಲಕ್ಕೆ ಹೋಗುವ ಬಂಡಿದಾರಿ ಹಾಲು ಕೇಂದ್ರದ ಅಧ್ಯಕ್ಷ ಚಿಕ್ಕವೆಂಕಟಪ್ಪನ ಜಮೀನಿನ ನಡುವೆ ಹಾಯುತ್ತದೆ. ಅದು ಸರ್ವೆ ನಕ್ಷೆಯಲ್ಲಿಲ್ಲದ ದಾರಿ. ಅವನ ಅಪ್ಪ ಬಿಟ್ಟಿದ್ದ, ಅವನೂ ಬಿಟ್ಟಿದ್ದಾನೆ. ಬೇಡವೆಂದು ನಾಲ್ಕು ಕಲ್ಲುಕಂಬ ನೆಟ್ಟರೆ ಕೇಳುವವರಿಲ್ಲ. ಎರಡು ಹಸುವಿನ ಮೇವು ದಿನಾ ಬರುವುದು ಆ ದಾರಿಯಿಂದಲೇ.

ನಾಗೇಶ ಒಳಗೆ ಬಂದ. ಆಯಿತಾ ಎಂದು ಕೇಳಿ, ಸ್ಟೂಲು ಎಳೆದುಕೊಂಡ. ನಂತರ ದನಿ ತಗ್ಗಿಸಿದ.

"ಅರುಣಮ್ಮ, ಆ ನಾಕನೇದು ಯಾರು ಕೊಟ್ಟಿರ್ಬೌದು ಅಂತೀಯ?"

"ಪಟ್ಟೀಲಿ ಗೌಪ್ಯ ಅಂತೈತೆ ನಾಗೇಶಣ್ಣ."

"ಅದು ನಂಗೂ ಗೊತ್ತು. ಗೌಪ್ಯಮ್ಮ ಅನ್ನೋರು ನಮ್ಮೂರಾಗೆ ಯಾರೂ ಇಲ್ಲ ಅಂತ."

ಅವಳಿಗೆ ನಗು ಬಂತು, ಆದರೆ ಮಾನಿಟರನ್ನು ತನ್ನ ಕಡೆಗೆ ತಿರುಗಿಸಿಕೊಂಡೇ ಇದ್ದಳು. ಕಾಗದದಲ್ಲಿ ಒಂದು ತಪ್ಪು ಬಂದಿದೆ, ಕಂಪನಿಯವರಿಂದ ಸರಿ ಮಾಡಿಸಬೇಕು, ಸಂಜೆ ಸಭೆಗೆ ತಾನೇ ತರುತ್ತೇನೆ ಎಂದಳು. ಇದರಲ್ಲಿ ಸುಳ್ಳು ಏನೂ ಇರಲಿಲ್ಲ. ಬಂಗಾರಪೇಟೆಯಲ್ಲಿ ಇನ್ನೂ ಎರಡು ಕೆಲಸವಿದ್ದ ನಾಗೇಶ ಒಳ್ಳೆಯದೇ ಆಯಿತೆಂದು ಎದ್ದು ಹೋದ.

ಅವನು ರಸ್ತೆ ದಾಟಿದ ಮೇಲೆ ಅವಳು ಕಡತವನ್ನು ಅಳಿಸಿ, ಕಂಪ್ಯೂಟರಿನ ಕಸದ ಬುಟ್ಟಿಯನ್ನೂ ಖಾಲಿ ಮಾಡಿದಳು. ಆರನೆಯ ಕಾಲಂ ತೆಗೆದು ಇನ್ನೊಂದು ಪಟ್ಟಿ ಟೈಪು ಮಾಡುವುದು ಐದು ನಿಮಿಷದ ಕೆಲಸ. ಆದರೆ ಜಾಲತಾಣದಲ್ಲಿ ಪಿಡಿಎಫ್ ಇಳಿಸುವ ಗುಂಡಿ ಹಾಗೇ ಇರುತ್ತದೆ. ನಾಳೆ ನಾಗೇಶ ಇನ್ನೊಂದು ಅಂಗಡಿಗೆ ಹೋಗಿ ಅದನ್ನೇ ಒತ್ತಿಸಬಹುದು. ಅಧ್ಯಕ್ಷನಿಗೂ ಬೇರೆ ಪಾಸ್‌ವರ್ಡ್ ಕೊಟ್ಟಿದ್ದಾರೆ, ಅವನ ಫೋನಿನಲ್ಲೇ ಇದೆ.

ಸಹಾಯವಾಣಿಗೆ ಫೋನು ಮಾಡಿದಳು. ಧ್ವನಿಮುದ್ರಣ ಕನ್ನಡಕ್ಕೆ ಒಂದು ಒತ್ತಿ ಎಂದಿತು, ಒತ್ತಿದಳು. ಏಳು ಕೆಲಸದ ದಿನಗಳಲ್ಲಿ ಉತ್ತರಿಸುತ್ತೇವೆ ಎಂದಿತು. ಕೊನೆಗೆ ನಿಮ್ಮ ಸದಸ್ಯ ಸಂಖ್ಯೆಯನ್ನು ಒತ್ತಿ ಎಂದಾಗ, ಅಂದರೆ ಆ ಡೈರಿ ನಂಬರನ್ನೇ ಕೇಳಿದಾಗ, ಅವಳು ಫೋನು ಇಟ್ಟಳು. ಜಾಲತಾಣದ ಪುಟದ ಕೆಳಗೆ, ಅದನ್ನು ನಡೆಸುವವರ ವಿಳಾಸ ಇತ್ತು: ಊರಿಗಾಂ, ರೈಲು ನಿಲ್ದಾಣದ ಹತ್ತಿರ. ಅವಳು ಪರದೆಯ ಪಟ್ಟಿಯನ್ನು ಪ್ರಿಂಟು ತೆಗೆದು ಚೀಲಕ್ಕೆ ಹಾಕಿಕೊಂಡು, ಅಂಗಡಿಯ ಷಟರ್ ಎಳೆದು, ಊರಿಗಾಂ ಮೇಲೆ ಹೋಗುವ ಮಾರಿಕುಪ್ಪಂ ರೈಲು ಹಿಡಿದಳು.

ಕಚೇರಿ ಗಣಿ ಕಾಲದ ಹಳೇ ಕಟ್ಟಡವೊಂದರ ಮಹಡಿಯಲ್ಲಿತ್ತು. ಮೆಟ್ಟಿಲ ಬಳಿ ಕೂತಿದ್ದ ಕಾವಲುಗಾರ ತಮಿಳಿನಲ್ಲಿ ಯಾರು ಬೇಕೆಂದು ಕೇಳಿದ, ಅವಳು ಕನ್ನಡದಲ್ಲಿ ಹೇಳಿದಳು, ಅವನು ತೆಲುಗಿನಲ್ಲಿ ಮೇಲಕ್ಕೆ ಹೋಗಲು ಹೇಳಿದ. ಮೇಲೆ ನಾಲ್ಕು ಮೇಜು, ಇಬ್ಬರು ಜನ. ಜಾಲತಾಣ ನೋಡಿಕೊಳ್ಳುವವನ ಹೆಸರು ರವಿಶಂಕರ್, ಮೂವತ್ತರ ಆಸುಪಾಸು. ಕುರ್ಚಿ ಕೊಟ್ಟ, ನೀರು ಕೊಟ್ಟ, ಅವಳು ಹೇಳಿದ್ದನ್ನು ಪೂರ್ತಿ ಕೇಳಿದ. ತನ್ನ ಕಂಪ್ಯೂಟರಿನಲ್ಲಿ ಬೇರೊಂದು ಕೇಂದ್ರದ ಪಟ್ಟಿಯನ್ನು ಇಳಿಸಿ ನೋಡಿದ. ಅಲ್ಲಿಯೂ ಆರು ಕಾಲಂ.

"ಇದು ಇರಬಾರದಿತ್ತು, ನಿಜ. ಆದರೆ ಹೆಸರು ತೆಗೆದಿದ್ದೇವೆ ಮೇಡಂ, ಫೋನ್ ನಂಬರ್ ತೆಗೆದಿದ್ದೇವೆ. ಉಳಿದಿರೋದು ಬರೀ ಸದಸ್ಯ ಸಂಖ್ಯೆ. ಸಂಖ್ಯೆ ನೋಡಿ ಯಾರು ಅಂತ ಯಾರಿಗೆ ಗೊತ್ತಾಗುತ್ತೆ?" ಎಂದ. ಈ ವಾರ ಬೇರೆ ಕೆಲಸವಿದೆ, ಮುಂದಿನ ತಿಂಗಳ ಬದಲಾವಣೆಗಳ ಜೊತೆ ಸೇರಿಸುತ್ತೇನೆ ಎಂದೂ ಹೇಳಿದ.

ತನ್ನ ಪಟ್ಟಿಯ ಏಳು ಸಂಖ್ಯೆಗಳನ್ನು ಅರುಣಕುಮಾರಿ ಅವನಿಗೆ ಹೇಳಿರಲಿಲ್ಲ, ಹೇಳುವ ಮನಸ್ಸೂ ಇರಲಿಲ್ಲ.

"ನಮ್ಮೂರಲ್ಲಿರೋದು ಇನ್ನೂರ ಹತ್ತು ನಂಬರ್, ಅದರೊಳಗೆ ನಿಮಗೆ ತೋಚಿದ ಒಂದು ಹೇಳಿ ಸಾರ್."

"ಅರವತ್ತಮೂರು."

ಅವಳು ಅತ್ತೆ ಮುನಿನಾರಾಯಣಮ್ಮನಿಗೆ ಫೋನು ಹಚ್ಚಿ, ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟಳು. ಅತ್ತೆಗೆ ಓದು ಬರಹ ಬಾರದು ಎಂದು ಮೊದಲೇ ರವಿಶಂಕರನಿಗೆ ತಿಳಿಸಿದಳು.

"ಅತ್ತೆ, ಅರವತ್ತಮೂರು ಯಾರ್ದು?"

"ಆಂಜಿನಪ್ಪಂದು. ಯಾಕೆ, ಕ್ಯಾನು ಅದ್ಲುಬದ್ಲಾಯ್ತಾ?"

ರವಿಶಂಕರ್ ಒಂದು ಕಾಗದದ ಮೇಲೆ 202 ಎಂದು ಬರೆದು ತೋರಿಸಿದ.

"ಇನ್ನೂರಾ ಎರಡು?"

"ಅದು ಅಮ್ಮಾಜಮ್ಮಂದು. ಆಯಮ್ಮ ಕಾಲು ಮುರ್ಕೊಂಡು ಮಗಳ ಮನೇಲವ್ಳೆ, ಈಗ ಸೊಸೆ ಆಕ್ತಾಳೆ. ಮೊನ್ನೆ ಹಸ ಈದೈತೆ, ಎಣ್ಗರು. ಗಿಣ್ಣು ಕಳಿಸ್ತೀನಂದಿದ್ಲು, ಕಳ್ಸೇ ಇಲ್ಲ."

"ಸಾಕತ್ತೆ, ಇಡ್ತೀನಿ."

"ಇಡ್ತೀನಂತೆ. ಕೇಳಿದ್ಮೇಲೆ ಪೂರಾ ಕೇಳ್ಕಳೆ."

ಫೋನು ಇಟ್ಟ ಮೇಲೆ ರವಿಶಂಕರ್ ನಗುತ್ತಿದ್ದ. ನಗು ಬೇಗ ನಿಂತಿತು. ಪಕ್ಕದ ಮೇಜಿನವನೂ ಕತ್ತೆತ್ತಿ ನೋಡುತ್ತಿದ್ದ.

"ನಿಮ್ಮ ನಂಬರ್ ಎಷ್ಟು ಮೇಡಂ?"

"ತೊಂಬತ್ತೆಂಟು. ನೀವು ನಮ್ಮೂರಿಗೆ ಬಂದು ಅರುಣಕುಮಾರಿ ಮನೆ ಅಂದ್ರೆ ಯಾವ ಅರುಣ ಅಂತಾರೆ. ತೊಂಬತ್ತೆಂಟು ಅಂದ್ರೆ ಬಾಗಿಲಿಗೇ ತಂದು ಬಿಡ್ತಾರೆ."

ಅವನು ಮತ್ತೆ ಮುಂದಿನ ತಿಂಗಳ ಮಾತೆತ್ತಲಿಲ್ಲ. ಕೆಲಸ ಮಾಡುತ್ತಲೇ ವಿವರಿಸಿದ. ಪರದೆಗೆ ತೋರಿಸುವ ಪಟ್ಟಿ ಒಂದು, ಪಿಡಿಎಫ್‌ಗೆ ಹೋಗುವ ಪಟ್ಟಿ ಇನ್ನೊಂದು. ಪರದೆಯದನ್ನು ಮಾಡುವಾಗ ಏನೇನು ಕಾಣಬೇಕೆಂದು ಒಂದೊಂದಾಗಿ ಆರಿಸಿ ಇಟ್ಟಿದ್ದರು. ಪಿಡಿಎಫ್‌ಗೆ ಮಾತ್ರ ಮಾಹಿತಿಯ ಉಗ್ರಾಣದಲ್ಲಿದ್ದ ಇಡೀ ಸಾಲನ್ನೇ ಕಳಿಸಿ, ಬೇಡವಾದದ್ದನ್ನು ತೆಗೆದಿದ್ದರು. ಹೆಸರು ತೆಗೆಯಲು ನೆನಪಾಯಿತು, ಫೋನು ತೆಗೆಯಲು ನೆನಪಾಯಿತು. ಸಂಖ್ಯೆ ಯಾರಿಗೂ ಗುಟ್ಟೆನ್ನಿಸಲಿಲ್ಲ. ಪರೀಕ್ಷೆ ಮಾಡಿದವರು ಪರದೆ ನೋಡಿ ಸರಿಯಿದೆ ಎಂದರು. ಇಳಿಸಿದ ಕಾಗದವನ್ನು ಯಾರೂ ಓದಲಿಲ್ಲ. ಅದನ್ನು ಬರೆದವರು ಯಾರೆಂದು ಅವಳು ಕೇಳಲಿಲ್ಲ. ನಾನೇ ಬರೆದದ್ದು ಎಂದು ಅವನೇ ಹೇಳಿದ.

ಒಂದು ಗಂಟೆ ಐದು ನಿಮಿಷಕ್ಕೆ ಹೊಸ ಪಿಡಿಎಫ್ ಬಂತು. ಐದು ಕಾಲಂ. ಸರ್ವರಿನಲ್ಲಿ ಉಳಿದಿದ್ದ ಹಳೆಯ ಪ್ರತಿಗಳನ್ನೂ ಅಳಿಸಿದ. ಅರವತ್ತನಾಲ್ಕು ಕೇಂದ್ರಗಳು, ಮುನ್ನೂರ ಹನ್ನೆರಡು ದೂರುಗಳು. ವ್ಯವಸ್ಥಾಪಕರಿಗೆ ಇವತ್ತೇ ಬರೆಯಬೇಕು, ಬೈಗುಳ ಗ್ಯಾರಂಟಿ ಎಂದ.

ಅರುಣಕುಮಾರಿ ಏಳುವ ಮೊದಲು ಇನ್ನೊಂದು ಕೇಳಿದಳು: ಕಾಡುಗುಟ್ಟಹಳ್ಳಿಯ ಪಟ್ಟಿಯನ್ನು ಇದುವರೆಗೆ ಯಾರು ಯಾರು ಇಳಿಸಿಕೊಂಡಿದ್ದಾರೆ, ನೋಡಲು ಆಗುತ್ತದೆಯೇ?

ಆಗುತ್ತಿತ್ತು. ಎರಡೇ ಸಾಲು. ಎರಡನೆಯದು ಬೆಳಿಗ್ಗೆ 10:20, ಕಾರ್ಯದರ್ಶಿಯ ಪಾಸ್‌ವರ್ಡ್, ಅವಳ ಅಂಗಡಿ. ಮೊದಲನೆಯದು ಅದೇ ದಿನ ಬೆಳಿಗ್ಗೆ 7:42, ಅಧ್ಯಕ್ಷರ ಪಾಸ್‌ವರ್ಡ್, ಮೊಬೈಲ್.

"ತೆಗೆದು ನೋಡಿದ್ದಾರಾ?"

"ಇಳಿಸಿದ್ದು ಗೊತ್ತಾಗುತ್ತೆ ಮೇಡಂ. ಓದಿದ್ದು ಗೊತ್ತಾಗಲ್ಲ. ಅವರ ಫೋನಿಗೆ ಹೋದ ಮೇಲೆ ನಮ್ಮ ಕೈಲಿಲ್ಲ."

ವಾಪಸು ರೈಲಿನಲ್ಲಿ ಸೀಟು ಇತ್ತು, ಅವಳು ಬಾಗಿಲ ಬಳಿಯೇ ನಿಂತಳು. ಚಿನ್ನದ ಗಣಿಯ ತ್ಯಾಜ್ಯದ ಸೈನೈಡ್ ಗುಡ್ಡಗಳು ಹಿಂದಕ್ಕೆ ಸರಿದವು. ತೂತು ಮುಚ್ಚಿಸಿದ್ದಾಗಿತ್ತು, ಹರಿದುಹೋದದ್ದು ಮೊದಲೇ ಹರಿದುಹೋಗಿತ್ತು. ಅಶ್ವತ್ಥಮ್ಮನಿಗೆ ಹೇಳದೆ ಸುಮ್ಮನಿದ್ದರೂ ನಡೆಯುತ್ತದೆ ಎಂಬ ಯೋಚನೆ ಕೋರಮಂಡಲ್ ನಿಲ್ದಾಣ ದಾಟುವವರೆಗೆ ಅವಳ ಜೊತೆಯಲ್ಲೇ ಬಂತು. ಚಿಕ್ಕವೆಂಕಟಪ್ಪನಿಗೆ ಕನ್ನಡಕವಿಲ್ಲದೆ ಫೋನು ಸರಿಯಾಗಿ ಕಾಣುವುದಿಲ್ಲ. ಅಂಚಿನ ಸಣ್ಣ ಅಕ್ಷರ ಕಾಣದೆಯೂ ಇರಬಹುದು. ಇರಬಹುದು, ಇರದೆಯೂ ಇರಬಹುದು. ಮಾತು ಕೊಟ್ಟವಳು ತಾನು. ಕಂಬ ನೆಟ್ಟ ದಿನ ಅಶ್ವತ್ಥಮ್ಮ ಬಂದು ಕೇಳಿದರೆ ಗೊತ್ತಿತ್ತು ಎನ್ನಬೇಕೇ, ಗೊತ್ತಿರಲಿಲ್ಲ ಎನ್ನಬೇಕೇ? ಬಂಗಾರಪೇಟೆಯಲ್ಲಿ ಇಳಿದವಳು ಅಂಗಡಿ ತೆಗೆದು ಹೊಸ ಪಟ್ಟಿಯನ್ನು ಪ್ರಿಂಟು ಮಾಡಿ, ಎರಡೂ ಮುಕ್ಕಾಲರ ಬೂದಿಕೋಟೆ ಬಸ್ಸು ಹತ್ತಿದಳು.

ಅಶ್ವತ್ಥಮ್ಮ ಹೊಲದಲ್ಲಿ ಸೀಮೆಹುಲ್ಲು ಕೊಯ್ಯುತ್ತಿದ್ದಳು. ಅರುಣಕುಮಾರಿ ಚಿಕ್ಕವೆಂಕಟಪ್ಪನ ಟೊಮೇಟೊ ಸಾಲುಗಳ ನಡುವಿನ ಬಂಡಿದಾರಿಯಲ್ಲೇ ನಡೆದು ಹೋಗಿ ಬದುವಿನ ಮೇಲೆ ಕೂತು, ಬೆಳಿಗ್ಗೆಯಿಂದ ಆದದ್ದನ್ನು ಒಂದೂ ಬಿಡದೆ ಹೇಳಿದಳು. ಅಶ್ವತ್ಥಮ್ಮ ಕೊಯ್ಯುವುದನ್ನು ನಿಲ್ಲಿಸಲಿಲ್ಲ. ಮಾತು ಮುಗಿದ ಮೇಲೆ ಕುಡುಗೋಲನ್ನು ಹೊರೆಗೆ ಸಿಕ್ಕಿಸಿ ಕೂತಳು.

"ನೀನೇನಂದೆ ಅವತ್ತು? ಎಸ್ರು ಎಲ್ಲೂ ಬರಲ್ಲ ಅಂದೆ."

"ಅಂದೆ ಅಶ್ವತ್ಥಕ್ಕ."

"ಬಂದಿಲ್ವಲ್ಲ ಮತ್ತೆ. ನಂಬ್ರು ತಾನೆ ಬಂದಿರೋದು."

ತನ್ನಿಂದ ತಪ್ಪಾಯಿತು, ಕಾಗದ ಹೇಗೆ ಬರುತ್ತದೆಂದು ಆವತ್ತೇ ನೋಡಬೇಕಿತ್ತು ಎಂದಳು ಅರುಣಕುಮಾರಿ. ಅಶ್ವತ್ಥಮ್ಮ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳ ಕಣ್ಣು ದಾರಿಯ ಮೇಲಿತ್ತು.

"ಅವ್ನು ನೋಡವ್ನಾ?"

"ಇಳಿಸ್ಕೊಂಡವ್ರೆ. ನೋಡವ್ರೋ ಇಲ್ವೋ ಯೋಳಾಕಾಗಲ್ಲ."

"ಅಂಗಂದ್ರೆ, ಇವತ್ತು ನೋಡ್ತಾನಾ, ನಾಳೆ ನೋಡ್ತಾನಾ ಅಂತ ದಿನಾ ಅವನ ಮುಖ ನೋಡ್ಕೊಂಡು ಈ ದಾರೀಲಿ ಓಗ್ಬೇಕು ನಾನು." ಅವಳು ಸೆರಗಿನಿಂದ ಕತ್ತು ಒರೆಸಿಕೊಂಡಳು. "ಅದು ನನ್ ಕೈಲಾಗಲ್ಲ ಕಣಮ್ಮ. ಮೀಟಿಂಗು ಎಷ್ಟೊತ್ಗೆ?"

ಹೊರೆ ಎತ್ತಿ ತಲೆಯ ಮೇಲಿಡಲು ಅರುಣಕುಮಾರಿ ಕೈ ಕೊಟ್ಟಳು.

ಐದು ಗಂಟೆಗೆ ಡೈರಿಯ ಜಗಲಿಯಲ್ಲಿ ಮೂವತ್ತೆಂಟು ಜನ ಸಹಿ ಹಾಕಿದ್ದರು, ಕೆಲವರು ಹೆಬ್ಬೆಟ್ಟು. ಹೆಸರಿನ ಎದುರಿಗೆ ಎಲ್ಲರೂ ತಮ್ಮ ತಮ್ಮ ನಂಬರು ಬರೆಸಿದರು. ಚಿಕ್ಕವೆಂಕಟಪ್ಪ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ, ಅರವತ್ತು ದಾಟಿದ ಗಟ್ಟಿ ಆಳು, ದನಿ ಏರಿಸಿ ಮಾತಾಡಿದ್ದನ್ನು ಊರು ಕಂಡಿರಲಿಲ್ಲ. ಅರುಣಕುಮಾರಿ ತಂದ ಪಟ್ಟಿಯನ್ನು ನಾಗೇಶ ನಿಂತು ಓದಿದ. ಮೊದಲನೆಯದು ತೂಕದ ಯಂತ್ರದ್ದು. ಎರಡನೆಯದು ಪಶುವೈದ್ಯರು ಬಾರದ ಬಗ್ಗೆ. ಮೂರನೆಯದು ಹಿಂಡಿ ಚೀಲದ ಗುಣಮಟ್ಟದ್ದು. ನಾಲ್ಕನೆಯದನ್ನು ಅವನು ಗಡಿಬಿಡಿಯಲ್ಲಿ ಓದಿ, ದೂರುದಾರರು ಗೌಪ್ಯ ಎಂದು ಹೇಳಿ ಐದಕ್ಕೆ ಹಾರಿದ.

"ನಾಕನೇದು ನಂದು," ಎಂದು ಅಶ್ವತ್ಥಮ್ಮ ಎದ್ದು ನಿಂತಳು. "ನೂರಾ ನಲವತ್ತೇಳು. ಕಂಡಿದ್ದನ್ನ ಬರ್ಸಿದ್ದೀನಿ."

ನಾಗೇಶ ಕಾಗದದಿಂದ ಕಣ್ಣೆತ್ತಿ ಅರುಣಕುಮಾರಿಯನ್ನು ನೋಡಿದ. ಅವಳು ನೋಟ ತಪ್ಪಿಸಲಿಲ್ಲ. ಚಿಕ್ಕವೆಂಕಟಪ್ಪ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದ.

"ಬೆಳಿಗ್ಗೇನೆ ನೋಡ್ದೆ ಬಿಡಮ್ಮ. ನಂಬ್ರು ಐತಲ್ಲ ಅದ್ರಾಗೆ," ಎಂದ. "ಏನಿದ್ರೂ ನನ್ನತ್ರ ಬಂದು ಒಂದ್ಮಾತು ಯೋಳ್ಬೋದಿತ್ತು. ದಿನಾ ನನ್ನ ಒಲದಾಗೇ ಓಗ್ತೀಯ."

"ಅದ್ಕೇ ಯೋಳ್ಲಿಲ್ಲ," ಎಂದಳು ಅಶ್ವತ್ಥಮ್ಮ.

ಹಿಂದೆ ಕಂಬಕ್ಕೆ ಒರಗಿದ್ದ ಆಂಜಿನಪ್ಪ ಕೆಮ್ಮಿದ. ಕೆಮ್ಮಿದನೋ ನಕ್ಕನೋ ತಿಳಿಯಲಿಲ್ಲ.

ಅರುಣಕುಮಾರಿ ತಾನು ಏನೂ ಹೇಳುವುದಿಲ್ಲವೆಂದುಕೊಂಡೇ ಬಂದಿದ್ದಳು. ಆದರೂ ನಾಗೇಶನ ಮುಂದೆ ತೆರೆದಿದ್ದ ನಡಾವಳಿ ಪುಸ್ತಕ ಅವಳ ಕಣ್ಣಿಗೆ ಬಿತ್ತು.

"ನಾಗೇಶಣ್ಣ, ಅಧ್ಯಕ್ಷರು ದಾರಿ ಬಗ್ಗೆ ಅಂದಿದ್ದು, ಅಶ್ವತ್ಥಕ್ಕ ಅಂದಿದ್ದು, ಎರಡೂ ಬರ್ಕಳಿ. ಸಭೇಲಿ ಆಡಿದ ಮಾತು."

ನಾಗೇಶ ಪೆನ್ನು ಹಿಡಿದು ಅಧ್ಯಕ್ಷನ ಕಡೆ ನೋಡಿದ. ಮೂವತ್ತೆಂಟು ಜನವೂ ಅಲ್ಲಿಗೇ ನೋಡಿದರು.

"ನನ್ನ ಮುಖ ಏನ್ಲಾ ನೋಡ್ತೀಯ," ಎಂದ ಚಿಕ್ಕವೆಂಕಟಪ್ಪ, ಕನ್ನಡಕ ಮತ್ತೆ ಹಾಕಿಕೊಳ್ಳುತ್ತ. "ಬರ್ಕಳ್ಲಾ. ದಾರಿ ಮುಚ್ತೀನಿ ಅಂತ ನಾನೇನಾರ ಅಂದ್ನಾ? ಅಂದಿಲ್ಲ ಅಂತ್ಲೂ ಬರ್ಕಳ್ಲಾ."

ನಾಗೇಶ ಅದನ್ನೂ ಬರೆದ. ಒಂದನೇ ನಂಬರಿನಿಂದ ಇನ್ನೂರ ಹತ್ತರವರೆಗೆ ಎಲ್ಲ ಕ್ಯಾನುಗಳಿಂದಲೂ ಮಾದರಿ ತೆಗೆಯತಕ್ಕದ್ದು ಎಂದು ಆಂಜಿನಪ್ಪ ಸೂಚಿಸಿದ, ಅಮ್ಮಾಜಮ್ಮನ ಸೊಸೆ ಅನುಮೋದಿಸಿದಳು. ಒಂದನೇ ನಂಬರು ಚಿಕ್ಕವೆಂಕಟಪ್ಪನ ಮನೆಯದು.

ಮರುದಿನ ಬೆಳಿಗ್ಗೆ ಆರು ಗಂಟೆ ಮೂವತ್ತೈದು ನಿಮಿಷಕ್ಕೆ ನಾಗೇಶ ಆ ಕ್ಯಾನಿನಿಂದ ಮಾದರಿ ತೆಗೆದ. ಯಂತ್ರ ಫ್ಯಾಟು 3.6, ಎಸ್‌ಎನ್‌ಎಫ್ 7.9 ಎಂದು ತೋರಿಸಿತು. ಎಸ್‌ಎನ್‌ಎಫ್ ಅಂದರೆ ಕೊಬ್ಬು ಬಿಟ್ಟು ಉಳಿದ ಘನಾಂಶ, ಹಾಲಿಗೆ ನೀರು ಬೆರೆಸಿದರೆ ಇಳಿಯುತ್ತದೆ; ಅದು 8.5ಕ್ಕಿಂತ ಕಡಿಮೆಯಿದ್ದ ಹಾಲನ್ನು ಕೇಂದ್ರ ತೆಗೆದುಕೊಳ್ಳುವುದಿಲ್ಲ. ಅಧ್ಯಕ್ಷರ ಸೊಸೆ ಕ್ಯಾನು ಎತ್ತಿಕೊಂಡು ಮನೆಗೆ ಹೋದಳು. ಅವಳ ಹಿಂದೆ ನಿಂತಿದ್ದ ಅಶ್ವತ್ಥಮ್ಮ ನಾಲ್ಕೂವರೆ ಲೀಟರ್ ಹಾಲು ಹಾಕಿ ಚೀಟಿ ತೆಗೆದುಕೊಂಡು, ಎಂಟು ಗಂಟೆಗೆ ಅದೇ ಬಂಡಿದಾರಿಯಲ್ಲಿ ಹುಲ್ಲಿಗೆ ಹೋದಳು.